ಕಲಾನಿರ್ದೇಶಕ ಬನ್ಸಿ ಚಂದ್ರಗುಪ್ತ

ಚಲನಚಿತ್ರವನ್ನು ನೋಡುವಾಗ ನಮ್ಮ ಗಮನವೆಲ್ಲ ಪಾತ್ರಧಾರಿಗಳ ಮೇಲಿರುತ್ತದೆ. ಅವರು ವಾಸಿಸುವ ಮನೆ, ನಡೆದಾಡುವ ಓಣಿ, ಬೆನ್ನ ಹಿಂದಿನ ಗೋಡೆ ಇವೆಲ್ಲವನ್ನೂ ಯೋಚಿಸಿ ರೂಪಿಸುವವರೊಬ್ಬರು ಇರುತ್ತಾರೆಂಬುದು ನೆನಪಿಗೆ ಬರುವುದೇ ಇಲ್ಲ. ಅವರೇ ಕಲಾನಿರ್ದೇಶಕರು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಘನತೆಯನ್ನು ತಂದುಕೊಟ್ಟವರಲ್ಲಿ ಬನ್ಸಿ ಚಂದ್ರಗುಪ್ತರು ಪ್ರಮುಖರು.

ಚಂದ್ರಗುಪ್ತರು 1924ರಲ್ಲಿ ಸಿಯಾಲ್‌ಕೋಟದಲ್ಲಿ ಜನಿಸಿದರು. ವರ್ಣಚಿತ್ರಕಾರನಾಗಬೇಕೆಂಬುದು ಅವರ ಹಂಬಲ. ಕಲಾವಿದ ಸುಭೋ ಠಾಕೂರರ ಪ್ರೋತ್ಸಾಹದಿಂದ ಅವರು ಶ್ರೀನಗರವನ್ನು ಬಿಟ್ಟು ಕಲಕತ್ತೆಗೆ ಬಂದರು. ಅಲ್ಲಿ ಅವರಿಗೆ ಸತ್ಯಜಿತ್ ರಾಯ್ ಅವರ ಸ್ನೇಹ ದೊರೆಯಿತು. ಮುಂದೆ ಫ್ರಾನ್ಸಿನ ನಿರ್ದೇಶಕ ಝಾನ್ ರೆನ್ವಾ ‘ದಿ ರಿವರ್’ ಚಿತ್ರವನ್ನು ಬಂಗಾಳದಲ್ಲಿ ತಯಾರಿಸಿದಾಗ, ಅದರ ಕಲಾನಿರ್ದೇಶಕ ಯೂಜೀನ್ ಲೂರಿಯೆ ಅವರಿಗೆ ಚಂದ್ರಗುಪ್ತರು ಸಹಾಯಕರಾದರು. ಕುಂಚ ಹಿಡಿದ ಕೈಗೆ ಅಲ್ಲಿ ಹೊಸ ವಿದ್ಯೆಯೊಂದು ಒಲಿಯಿತು.

1955ರಲ್ಲಿ ತೆರೆಕಂಡ ರಾಯ್ ಅವರ ‘ಪಥೇರ್ ಪಾಂಚಾಲಿ’ಗೆ ಚಂದ್ರಗುಪ್ತರೇ ಕಲಾನಿರ್ದೇಶಕರು. ಕಲಕತ್ತೆಯ ಸಮೀಪದ ಬೋರಾಲ್ ಗ್ರಾಮದಲ್ಲಿದ್ದ ಪಾಳುಮನೆಯೊಂದನ್ನು ಅವರು ಬಡ ಪುರೋಹಿತನ ಸಂಸಾರಕ್ಕೆ ಒಪ್ಪುವಂತೆ ಸಿದ್ಧಗೊಳಿಸಿದರು.

ಮರುವರ್ಷ ಬಂದ ‘ಅಪರಾಜಿತೋ’ ಚಿತ್ರ ಅವರನ್ನು ಕಠಿಣ ಪರೀಕ್ಷೆಗೆ ಒಡ್ಡಿತು. ಕಾಶಿಯ ಹಳೆಯ ಮನೆಯೊಂದರ ಒಳ ಅಂಗಳ ಕಥೆಗೆ ಬೇಕಾಗಿತ್ತು. ಅದನ್ನು ಬಯಲಿನಲ್ಲಿ ಕಟ್ಟುವ ಆಲೋಚನೆಯಿತ್ತು; ಮಳೆಗಾಲದ ಭಯದಿಂದ ಕಲಕತ್ತೆಯ ಸ್ಟುಡಿಯೋದೊಳಗೇ ಕಟ್ಟಬೇಕಾಯಿತು. ಇಂತಹ ಅಂಗಳಕ್ಕೆ ಬೆಳಕು ಆಕಾಶದಿಂದ ಇಳಿದು ಮೆಲ್ಲನೆ ಹರಡುತ್ತದೆ. ದಟ್ಟವಾದ ನೆರಳು ಬೀಳುವುದಿಲ್ಲ. ಸ್ಟುಡಿಯೋದ ದೀಪಗಳಿಂದ ಇದು ಸಾಧ್ಯವಿಲ್ಲವೆಂದು ಛಾಯಾಗ್ರಾಹಕ ಸುಬ್ರತ ಮಿತ್ರರು ಮೊದಲು ವಾದಿಸಿದರು. ಕೊನೆಗೆ ಅವರೇ ಒಂದು ಉಪಾಯವನ್ನು ಕಂಡುಕೊಂಡರು. ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ಕೆಳಗಿನಿಂದ ದೀಪಗಳನ್ನು ಅದರತ್ತ ತಿರುಗಿಸಿದರು. ಬಟ್ಟೆಗೆ ತಾಗಿ ಮರಳಿದ ಬೆಳಕು ಹಗಲಿನ ಬೆಳಕಿನಂತೆಯೇ ಹರಡಿತು. ಒಬ್ಬರು ಕಟ್ಟಿದ ಗೋಡೆ, ಮತ್ತೊಬ್ಬರು ತಂದ ಬೆಳಕು ಎರಡೂ ಸೇರಿ ಕಲಕತ್ತೆಯಲ್ಲಿ ಕಾಶಿ ಮೂಡಿತು.

‘ಚಾರುಲತಾ’ (1964) ಚಿತ್ರಕ್ಕಾಗಿ ಚಂದ್ರಗುಪ್ತರು ಹತ್ತೊಂಬತ್ತನೆಯ ಶತಮಾನದ ಸಿರಿವಂತರ ಮನೆಯ ಕೋಣೆಗಳನ್ನು ಸ್ಟುಡಿಯೋದಲ್ಲಿ ನಿರ್ಮಿಸಿದರು. ‘ನಾಯಕ್’ (1966) ಚಿತ್ರದ ರೈಲುಗಾಡಿಯ ಒಳಭಾಗವೂ ಅವರು ಕಟ್ಟಿಸಿದ ಸೆಟ್ಟೇ. ‘ಶತರಂಜ್ ಕೇ ಖಿಲಾಡಿ’ (1977) ಚಿತ್ರದಲ್ಲಿ 1856ರ ಲಖನೌ ನಗರಕ್ಕೆ ರೂಪ ಕೊಟ್ಟರು. 1981ರಲ್ಲಿ ಅಮೆರಿಕದಲ್ಲಿದ್ದಾಗ ಅವರು ನಿಧನರಾದರು.

ವರ್ಣಚಿತ್ರಕಾರ ತನ್ನ ಚಿತ್ರದ ಅಂಚಿನಲ್ಲಿ ಹೆಸರನ್ನು ಬರೆಯುತ್ತಾನೆ. ಆ ಚಿತ್ರ ಬಹುಕಾಲ ಉಳಿಯುತ್ತದೆ. ಕಲಾನಿರ್ದೇಶಕನ ಮನೆಗಳನ್ನಾದರೋ ಚಿತ್ರೀಕರಣ ಮುಗಿದೊಡನೆ ಕೆಡವಿಬಿಡುತ್ತಾರೆ. ತೆರೆಯ ಮೇಲೆ ಅವು ಕೃತಕವೆಂಬ ಸಂಶಯ ಪ್ರೇಕ್ಷಕನಿಗೆ ಬಾರದಿದ್ದರೆ ಮಾತ್ರ ಆತನ ಶ್ರಮ ಸಾರ್ಥಕ. ನೋಡುವವರು ಮೆಚ್ಚುವುದಿರಲಿ, ಗಮನಿಸಲೂ ಬಾರದೆಂಬ ಈ ನಿಯಮವನ್ನು ಚಂದ್ರಗುಪ್ತರು ಸಂತೋಷದಿಂದ ಒಪ್ಪಿ ದುಡಿದರು. ಹೆಸರಿನ ಹಂಬಲವನ್ನು ಬದಿಗಿಟ್ಟು ಕೆಲಸದ ಪರಿಪೂರ್ಣತೆಯನ್ನೇ ಬಯಸುವವರಿಗೆ ಅವರ ಜೀವನ ಒಂದು ಒಳ್ಳೆಯ ಮಾದರಿ.