ಕೀಲಿಮಣೆಯಲ್ಲಿ ಪೇಟಿ ಕಟ್ಟುವವನಿಗೆ

ತಮ್ಮಾ, ಹಾರ್ಮೋನಿಯಂ ಪೇಟಿ ಕೊಳ್ಳಲು ದುಡ್ಡಿಲ್ಲ, ಕಂಪ್ಯೂಟರಿನ ಕೀಲಿಮಣೆಯಲ್ಲೇ ಸ್ವರ ಕೂಡಿಸಿಕೊಳ್ಳುತ್ತೇನೆ ಅಂದೆಯಲ್ಲ, ಕೂಡಿಸಿಕೋ. ನಗುವವರು ನಗಲಿ. ಪೇಟಿಯೇನು ನಮ್ಮ ಹಗರಿ ದಂಡೆಯಲ್ಲಿ ಹುಟ್ಟಿದ್ದೇ? ಪ್ಯಾರಿಸಿನವನೊಬ್ಬ 1842ರಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ ಅದು. ಕಲ್ಕತ್ತೆಯಲ್ಲಿ ಕೈಪೇಟಿಯಾಯಿತು, ನಾಟಕ ಕಂಪನಿಗಳ ಬೆನ್ನುಹತ್ತಿ ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ಬಯಲಾಟಕ್ಕೂ ಬಂತು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ನಮ್ಮ ಜಾತ್ರೆಗಳಲ್ಲಿ ಮಾತ್ರ ಅದಿಲ್ಲದೆ ಪರದೆ ಏಳುತ್ತಿರಲಿಲ್ಲ.

ಆದರೆ ನೀನು ಮಾಡಿಕೊಂಡಿರುವ ಜೋಡಣೆ ನನಗೆ ಒಪ್ಪಿಗೆಯಾಗಲಿಲ್ಲ. ಎಸ್ ಒತ್ತಿದರೆ ಸ, ಆರ್ ಒತ್ತಿದರೆ ರಿ, ಶಿಫ್ಟ್ ಹಿಡಿದರೆ ಕೋಮಲ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆಗೆ ಒಗ್ಗಿದ ಕೈಗೆ ಇದು ಹೊಳೆಯುವುದು ಸಹಜ. ಅಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಸೇರಿದರೆ ಖ. ಬರೆಯಲು ಅದು ಬಲು ಚೆಂದ, ನುಡಿಸಲು ಬರುವುದಿಲ್ಲ. ಸರಿಗಮ ಒಂದು ಸಲ ಏರಿ ನೋಡು: ಮ ಕೆಳಸಾಲಿನಲ್ಲಿದ್ದರೆ ಪ ಮೇಲಿನ ಬಲತುದಿಗೆ, ದ ಮತ್ತೆ ಎಡಕ್ಕೆ. ಬೆರಳು ಮಿಡತೆಯ ಹಾಗೆ ಜಿಗಿಯಬೇಕು. ಓಡುವ ತಾನಿನಲ್ಲಿ ಶಿಫ್ಟ್ ಚೂರು ತಡವಾಯಿತೋ, ಕೋಮಲ ಬರಬೇಕಾದಲ್ಲಿ ಶುದ್ಧ ಕೂಗುತ್ತದೆ. ಸ್ವರ ಏರಿದಂತೆ ಕೈ ಬಲಕ್ಕೆ ಸರಿಯಬೇಕು, ಅಷ್ಟೇ.

ಹೀಗೆ ಮಾಡು. ಕೆಳಸಾಲಿನ ಝಡ್, ಎಕ್ಸ್, ಸಿ, ವಿ, ಬಿ, ಎನ್, ಎಂ ಬಿಳಿ ಒಂದರಿಂದ ಏಳು. ಅದರ ಮೇಲಿನ ಎಸ್, ಡಿ, ಜಿ, ಎಚ್, ಜೆ ಐದು ಕರಿ. ಎಫ್ ಖಾಲಿ ಬಿಡು. ಪೇಟಿಯಲ್ಲೂ ಬಿಳಿ ಮೂರು ನಾಲ್ಕರ ನಡುವೆ ಕರಿ ಇಲ್ಲ. ಕ್ಯೂ ಸಾಲಿಗೆ ಮೇಲಿನ ಸಪ್ತಕ, ಅದರ ಕರಿಗೆ 2, 3, 5, 6, 7. ವಿಎಂಪಿಕೆ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಯಾವ ಕೀಲಿಗೆ ಯಾವ ಸ್ವರ ಎಂದು ನೀನೇ ತಿದ್ದಬಹುದು. ಕಂಪ್ಯೂಟರ್ ಸಂಗೀತದ ಮಿಡಿ ಲೆಕ್ಕದಲ್ಲಿ ನಡುವಿನ ಬಿಳಿ ಒಂದಕ್ಕೆ 60. ಅಲ್ಲಿಂದ ಕರಿಯೂ ಸೇರಿ ಮನೆಗೊಂದು ಅಂಕಿ ಏರಿಸುತ್ತ ಹೋಗು. ಬಿಳಿ ಒಂದು ಸ ಇಟ್ಟರೆ ಭೂಪ ರಾಗ ಝಡ್, ಎಕ್ಸ್, ಸಿ, ಬಿ, ಎನ್, ಕ್ಯೂ. ಕರಿ ಮುಟ್ಟುವ ಕೆಲಸವೇ ಇಲ್ಲ.

ಕಂಪ್ಯೂಟರ್ ಕೀಲಿಗೆ ಮೆಲ್ಲಗೆ ಒತ್ತಿದ್ದು, ಜೋರಾಗಿ ಒತ್ತಿದ್ದು ಎಂಬ ಭೇದ ತಿಳಿಯದು ಎಂದು ಪಿಯಾನೊ ಮಂದಿ ಗೊಣಗುತ್ತಾರೆ. ಪೇಟಿಯ ಮನೆಗೂ ತಿಳಿಯದಪ್ಪಾ! ಅಲ್ಲಿ ದನಿ ಏರಿಸಿ ಇಳಿಸುವುದು ತಿದಿ. ಇಲ್ಲಿ ತಿದಿ ಹಾಕುವ ಎಡಗೈ ಬಿಡುವಾಗಿದೆ. ಎಡತುದಿಯ ಎರಡು ಕೀಲಿಯನ್ನು ಶಬ್ದ ಏರಿಸಲು ಇಳಿಸಲು ಅದಕ್ಕೆ ಕೊಡು.

ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ ಎಂದು ತೋರಿಸಿ ಹಿಗ್ಗಿದೆಯಲ್ಲ, ಅದನ್ನು ಸದ್ಯಕ್ಕೆ ಮುಟ್ಟಬೇಡ. ನಾಳೆ ಮರಿಯಮ್ಮನಹಳ್ಳಿಯಿಂದ ಬಂದ ಪಾತ್ರಧಾರಿಣಿ ‘ಮಾಸ್ತರ, ಕರಿ ನಾಲ್ಕು ಹಿಡೀರಿ’ ಅಂದರೆ ಪೇಟಿಯಲ್ಲಿ ಗುಂಡಿ ಹುಡುಕುತ್ತೀಯಾ? ಬಿಳಿ ಒಂದು, ಕರಿ ನಾಲ್ಕು ಎರಡರಲ್ಲೂ ಅದೇ ಪದ ಬೆರಳಿಗೆ ಹತ್ತಲಿ. ಆಮೇಲೆ ಗುಂಡಿ ನಿನ್ನದು. ಜೋಡಣೆಯನ್ನೂ ವಾರಕ್ಕೊಮ್ಮೆ ಬದಲಿಸಬೇಡ, ಬೆರಳು ಕಲಿತದ್ದೆಲ್ಲ ಹಾಳಾಗುತ್ತದೆ.

ಅಗ್ಗದ ಕೀಲಿಮಣೆಯಲ್ಲಿ ತಂತಿಗಳು ಅಡ್ಡ-ಉದ್ದ ಹೆಣೆದಿರುತ್ತವೆ. ಕೆಲವು ಮೂರು ಕೀಲಿ ಒಟ್ಟಿಗೆ ಹಿಡಿದರೆ ಒಂದು ನುಂಗಿಹೋಗುತ್ತದೆ. ಸ, ಗ, ಪ ಕೂಡಿ ಹಿಡಿದು ಮೊದಲೇ ಪರೀಕ್ಷೆ ಮಾಡು. ಕೇಳಿಸದಿದ್ದರೆ ಸ ಮೇಲಿನ ಸಪ್ತಕದಲ್ಲಿ ಹಿಡಿ. ಬರೆಯಲು ಬಳಸುವ ನುಡಿ ತಂತ್ರಾಂಶ ಕನ್ನಡದಲ್ಲಿದ್ದರೆ ನುಡಿಸುವ ಮೊದಲು ಇಂಗ್ಲಿಷಿಗೆ ತಿರುಗಿಸಿಕೋ.

ತಾಲೀಮಿಗೆ ತರುವಾಗ ಆ ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಬಿಡು. ಒತ್ತಿದ ಮೇಲೆ ಸ್ವರ ಹೊರಬೀಳುವುದು ತಡ, ತಬಲಾದವನು ನಿನಗಾಗಿ ಕಾಯುವುದಿಲ್ಲ. ವೈರು ಇರುವ ಸ್ಪೀಕರ್ ತಾ, ನನ್ನ ಪೇಟಿಯ ಪಕ್ಕ ಕೂಡು.