ಎದೆಪೊರೆಯ ಕ್ಯಾನ್ಸರ್‌ಗೆ ಪ್ರೋಟಾನ್: ಚೆನ್ನೈಗೆ ಹೊರಡುವ ಮುನ್ನ

ಪ್ರಶ್ನೆ: ನಮ್ಮ ಭಾವನವರಿಗೆ 64 ವರ್ಷ. ಹರೆಯದಲ್ಲಿ ಎಂಟು ವರ್ಷ ಸಿಮೆಂಟ್ ಶೀಟ್ ಕಾರ್ಖಾನೆಯಲ್ಲಿ ದುಡಿದವರು. ಈಗ ಶ್ವಾಸಕೋಶದ ಪೊರೆಗೆ ಕ್ಯಾನ್ಸರ್, ಮೀಸೋಥೀಲಿಯೋಮಾ ಎಂದಿದ್ದಾರೆ. ಚೆನ್ನೈನಲ್ಲಿ ಪ್ರೋಟಾನ್ ಚಿಕಿತ್ಸೆ ಇದೆ, ಅದು ಮಾಮೂಲಿ ಕರೆಂಟ್ ಕೊಟ್ಟ ಹಾಗಲ್ಲ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ಏನು ವ್ಯತ್ಯಾಸ? ಅದಕ್ಕಾಗಿ ಜಮೀನು ಮಾರಬಹುದೇ?
— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಈಗಲೇ ಮಾರಬೇಡಿ. ನೆಂಟರು ಸುಳ್ಳು ಹೇಳಿಲ್ಲ, ಆದರೆ ಅವರು ಹೇಳಿದ್ದು ಅರ್ಧ ಮಾತ್ರ.

ಕಡಲೆಕಾಯಿ ಬಿಡಿಸಿ ನೋಡಿ. ಬೀಜಕ್ಕೆ ಅಂಟಿದ ಕೆಂಪು ಸಿಪ್ಪೆಯಂತೆ ಶ್ವಾಸಕೋಶದ ಮೈಗೆ ಒಂದು ಪೊರೆ ಇದೆ. ಹೊರಗಿನ ಸಿಪ್ಪೆಯ ಒಳಮೈಯಂತೆ ಪಕ್ಕೆಲುಬುಗಳ ಕಡೆಗೆ ಇನ್ನೊಂದು. ಈ ಕ್ಯಾನ್ಸರ್ ಗಡ್ಡೆಯಾಗಿ ಒಂದೆಡೆ ಕೂರುವುದಿಲ್ಲ. ಪೊರೆಗುಂಟ ಹಬ್ಬಿ ಇಡೀ ಶ್ವಾಸಕೋಶವನ್ನು ಸುತ್ತುವರಿಯುತ್ತದೆ. ವಿಕಿರಣ ಕೊಡುವವರ ಕಷ್ಟ ಶುರುವಾಗುವುದು ಇಲ್ಲೇ: ಸಿಪ್ಪೆಯನ್ನು ಸುಡಬೇಕು, ಬೀಜ ಬಾಡಬಾರದು.

ಮಾಮೂಲಿ ರೇಡಿಯೇಶನ್ನಿನ ಎಕ್ಸ್‌ರೇ ಎದೆಯ ಈ ಕಡೆ ಹೊಕ್ಕು ಆ ಕಡೆ ಹೊರಬೀಳುತ್ತದೆ, ದಾರಿಯುದ್ದಕ್ಕೂ ತನ್ನ ಶಕ್ತಿಯನ್ನು ಇಳಿಸುತ್ತಲೇ ಹೋಗುತ್ತದೆ. ಪ್ರೋಟಾನ್ ಹಾಗಲ್ಲ. ಮಳೆಗಾಲದ ಹೊಳೆಯನ್ನು ನೀವು ನೋಡಿಯೇ ಇರುತ್ತೀರಿ. ಇಳಿಜಾರಿನ ರಭಸದಲ್ಲಿ ಅದು ಹೂಳು ಬಿಡುವುದು ಕಡಿಮೆ. ಬಯಲಿಗೆ ಬಂದು ನಿಧಾನವಾದಾಗ ಹೊತ್ತದ್ದನ್ನೆಲ್ಲ ಕೆಳಗಿಳಿಸುತ್ತದೆ. ಪ್ರೋಟಾನ್ ಕೂಡ ವೇಗ ತಗ್ಗಿದಷ್ಟೂ ಹೆಚ್ಚು ಶಕ್ತಿ ಬಿಡುತ್ತದೆ, ನಿಲ್ಲುವ ಮುಂಚಿನ ಕೆಲವೇ ಮಿಲಿಮೀಟರ್‌ಗಳಲ್ಲಿ ಅತಿ ಹೆಚ್ಚು. ಅದರಾಚೆಗೆ ಹೆಚ್ಚುಕಡಿಮೆ ಸೊನ್ನೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ಸೂಚಿಸಿದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ಬಾರಿಗೆ ರೋಗಿಗೆ ಕೊಟ್ಟರು.

ಪಕ್ಕದ ಅಂಗಗಳನ್ನು ಉಳಿಸುವುದಕ್ಕೆ ಈ ಕಾಯಿಲೆಯಲ್ಲಿ ಎಷ್ಟು ಬೆಲೆ ಎಂಬುದಕ್ಕೆ 2006ರಲ್ಲಿ ಬಾಸ್ಟನ್‌ನ ವೈದ್ಯರು ಪ್ರಕಟಿಸಿದ ವರದಿಯೊಂದೇ ಸಾಕು. ರೋಗಪೀಡಿತ ಕಡೆಯ ಶ್ವಾಸಕೋಶವನ್ನೇ ತೆಗೆದು, ಆ ಕಡೆಯ ಎದೆಗೆ ಆಧುನಿಕ ಎಕ್ಸ್‌ರೇ ವಿಕಿರಣ ಕೊಟ್ಟಿದ್ದರು. 13 ರೋಗಿಗಳಲ್ಲಿ 6 ಮಂದಿ ಉಳಿದಿದ್ದ ಒಂದೇ ಶ್ವಾಸಕೋಶ ಉರಿಯೂತಕ್ಕೆ ತುತ್ತಾಗಿ ತೀರಿಕೊಂಡರು. ಆ ಸಂಖ್ಯೆಯನ್ನು ಮೊದಲ ಸಲ ಓದಿದಾಗ ನನಗೆ ಮುಂದೆ ಓದಲಾಗಲಿಲ್ಲ. ಆಮೇಲೆ ವೈದ್ಯರು ಇನ್ನೊಂದು ಕಡೆಯ ಶ್ವಾಸಕೋಶಕ್ಕೆ ತಾಗುವ ವಿಕಿರಣದ ಮಿತಿಯನ್ನು ಬಿಗಿಗೊಳಿಸಿದರು. ಪ್ರೋಟಾನ್ ಆ ತಾಗುವಿಕೆಯನ್ನು ಇನ್ನಷ್ಟು ತಗ್ಗಿಸಬಲ್ಲದು. ಹೃದಯ, ಯಕೃತ್ತು, ಮೂತ್ರಪಿಂಡಗಳಿಗೂ ಕಡಿಮೆ.

ಇನ್ನರ್ಧ ಕೇಳಿ. ಪ್ರೋಟಾನ್ ಎಲ್ಲಿ ನಿಲ್ಲುತ್ತದೆ ಎಂಬುದು ದಾರಿಯಲ್ಲಿ ಏನಿದೆ ಎಂಬುದನ್ನು ಅವಲಂಬಿಸಿದೆ. ಶ್ವಾಸಕೋಶದ ತುಂಬ ಗಾಳಿ. ಮಾಂಸದಲ್ಲಿ 1 ಸೆಂ.ಮೀ. ಸಾಗುವಷ್ಟು ಶಕ್ತಿ ಉಳಿದ ಪ್ರೋಟಾನ್ ಅಲ್ಲಿ 3-4 ಸೆಂ.ಮೀ. ಓಡಿಬಿಡುತ್ತದೆ. ಉಸಿರಾಡಿದಂತೆ ಎದೆ ಏರಿಳಿಯುತ್ತದೆ. ಈ ಕಾಯಿಲೆಯಲ್ಲಿ ಪೊರೆಗಳ ನಡುವೆ ನೀರು ತುಂಬುವುದು ಸಾಮಾನ್ಯ. ಸೋಮವಾರ ಇದ್ದಷ್ಟು ನೀರು ಮುಂದಿನ ಸೋಮವಾರ ಇರಬೇಕೆಂದಿಲ್ಲ. ನೀರು ಬದಲಾದರೆ ಹಾಕಿಟ್ಟ ಲೆಕ್ಕ ತಪ್ಪುತ್ತದೆ. ಚಿಕಿತ್ಸೆಯ ನಡುವೆ ಮತ್ತೆ ಮತ್ತೆ ಸಿ.ಟಿ. ಮಾಡಿ ಯೋಜನೆ ತಿದ್ದಬೇಕಾಗುವುದು ಅದಕ್ಕೇ. ಪ್ರೋಟಾನ್‌ನಿಂದ ಮೀಸೋಥೀಲಿಯೋಮಾ ರೋಗಿಗಳ ಆಯಸ್ಸು ಹೆಚ್ಚಿದೆ ಎಂದು ದೊಡ್ಡ ಹೋಲಿಕೆಯ ಅಧ್ಯಯನ ಯಾವುದೂ ತೋರಿಸಿಲ್ಲ. ಇರುವುದು ಸಣ್ಣ ಗುಂಪುಗಳ ಅನುಭವ.

ಇಡೀ ಪೊರೆಗೆ ವಿಕಿರಣ ಕೊಡುವ ಮಾತು ಹೆಚ್ಚಾಗಿ ಬರುವುದು ಶಸ್ತ್ರಚಿಕಿತ್ಸೆಯ ಜೊತೆಗೆ. ಆ ಶಸ್ತ್ರಚಿಕಿತ್ಸೆಯೇ ಈಗ ಪ್ರಶ್ನೆಗೊಳಗಾಗಿದೆ. ಬ್ರಿಟನ್ನಿನಲ್ಲಿ 335 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಮಾರ್ಸ್-2 ಅಧ್ಯಯನದಲ್ಲಿ, ಪೊರೆ ತೆಗೆಸಿಕೊಂಡು ಕೀಮೋ ಪಡೆದವರಿಗಿಂತ ಬರೀ ಕೀಮೋ ಪಡೆದವರೇ ಹೆಚ್ಚು ಕಾಲ ಬದುಕಿದರು. ಶಸ್ತ್ರಚಿಕಿತ್ಸೆ ಆಗದ ಬಹುತೇಕರಿಗೆ ಇವತ್ತು ಆಧಾರವಾಗಿರುವುದು ಔಷಧ. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎಂಬ ಎರಡು ಇಮ್ಯುನೋಥೆರಪಿ ಔಷಧಗಳನ್ನು ಕೂಡಿಸಿ ಕೊಟ್ಟಾಗ, ಕೀಮೋದಲ್ಲಿ 14 ತಿಂಗಳಿದ್ದ ಮಧ್ಯಾಂಕ ಬದುಕುಳಿವು (ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ) 18 ತಿಂಗಳಿಗೆ ಏರಿತು. ಪೂರ್ತಿ ವಾಸಿಯಾಗುವುದು ಅಪರೂಪ. ಇದನ್ನು ಬರೆಯಲು ಸಂಕಟವಾಗುತ್ತದೆ, ಆದರೆ ಜಮೀನಿನ ಮಾತು ಬಂದಾಗ ಮುಚ್ಚಿಡಬಾರದು.

ಭಾವನವರಿಗೆ ಎದೆಗೋಡೆಯಲ್ಲಿ ನೋವಿದ್ದರೆ ಅದನ್ನು ತಗ್ಗಿಸಲು ಮಾಮೂಲಿ ಯಂತ್ರದಿಂದ ಕೆಲವೇ ದಿನ ಕೊಡುವ ವಿಕಿರಣ ಅನೇಕರಿಗೆ ಸಾಕಾಗುತ್ತದೆ. ಅದು ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತದೆ. ಪ್ರೋಟಾನ್ ಇದಕ್ಕಿಂತ ಹಲವು ಪಟ್ಟು ದುಬಾರಿ. ಅಭಿಪ್ರಾಯ ಕೇಳಲೇಬೇಕು ಎನಿಸಿದರೆ, 2019ರಲ್ಲಿ ಶುರುವಾದ ಚೆನ್ನೈನ ಅಪೋಲೋ ಕೇಂದ್ರವಲ್ಲದೆ ನವಿ ಮುಂಬಯಿಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಸಂಸ್ಥೆಯ ಕೇಂದ್ರವೂ ಇದೆ. ಸಿ.ಟಿ. ಮತ್ತು ಬಯಾಪ್ಸಿ ವರದಿ ತೋರಿಸಿ ನೇರವಾಗಿ ಕೇಳಿ: ಇಡೀ ಪೊರೆಗೆ ಕೊಡುತ್ತೀರೋ, ನೋವಿರುವ ಜಾಗಕ್ಕೋ? ಇವರಿಗೇ ಎಕ್ಸ್‌ರೇ ಯೋಜನೆಯನ್ನೂ ಹಾಕಿ ಪಕ್ಕಪಕ್ಕ ಇಟ್ಟರೆ, ಪ್ರೋಟಾನ್‌ನಿಂದ ಪಕ್ಕದ ಅಂಗಗಳಿಗೆ ತಾಗುವ ವಿಕಿರಣ ತಗ್ಗುವುದೆಷ್ಟು?

ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ. ಶೀಟ್‌ಗೆ ಬಳಸುವ ಕಲ್ನಾರಿನ ದೂಳು ಎದೆ ಹೊಕ್ಕ ಮೇಲೆ ಈ ಕಾಯಿಲೆ ತಲೆ ಎತ್ತುವುದು ಹೆಚ್ಚಾಗಿ 20ರಿಂದ 50 ವರ್ಷದ ನಂತರ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿದೆ. ಪರಿಹಾರ ಕೇಳುವುದಾದರೆ ಆ ಕೆಲಸದ ಪುರಾವೆ ಬೇಕಾಗಬಹುದು. ಭಾವನವರ ಹಳೆಯ ಸಂಬಳ ಚೀಟಿ, ಇ.ಎಸ್.ಐ. ಕಾರ್ಡು, ಪಿ.ಎಫ್. ಕಾಗದ ಮನೆಯ ಟ್ರಂಕಿನಲ್ಲಿ ಎಲ್ಲಾದರೂ ಇದ್ದರೆ ಹುಡುಕಿಡಿ. ಜಮೀನಿನ ಪತ್ರಕ್ಕಿಂತ ಮೊದಲು ಅವನ್ನು ಹೊರತೆಗೆಯಿರಿ.