ಯಾರ ಮಾತು ನಂಬಬೇಕು, ಪುಟ್ಟಿ?

ಪುಟ್ಟಿ, ನಿನಗೆ ವಾರ್ಡ್ ಪೋಸ್ಟಿಂಗ್ ಶುರುವಾಗುತ್ತದಂತೆ, ನಿಮ್ಮಪ್ಪ ಹೇಳಿದ. ನರ್ಸಿಂಗ್ ಓದುತ್ತಿರುವವಳಿಗೆ ವೈದ್ಯದ ಬಗ್ಗೆ ಹೇಳಲು ನಾನು ಯಾರು? ಪಾಠಶಾಲೆಯಲ್ಲಿ ತರ್ಕ ಓದಿದ ಮುದುಕ. ಆದರೂ ದೊಡ್ಡಪ್ಪನದೊಂದು ಮಾತು ಕಿವಿಗೆ ಹಾಕಿಕೊ.

ನಮಗೆ ತಿಳಿದದ್ದು ತಿಳಿಯುವುದಾದರೂ ಹೇಗೆ? ನ್ಯಾಯಶಾಸ್ತ್ರ ನಾಲ್ಕು ದಾರಿ ಹೇಳುತ್ತದೆ: ಪ್ರತ್ಯಕ್ಷ ಅಂದರೆ ತಾನೇ ಕಂಡದ್ದು, ಅನುಮಾನ ಅಂದರೆ ಗುರುತು ಹಿಡಿದು ಊಹಿಸಿದ್ದು, ಉಪಮಾನ ಅಂದರೆ ಹೋಲಿಸಿ ತಿಳಿದದ್ದು, ಶಬ್ದ ಅಂದರೆ ನಂಬತಕ್ಕವರ ಮಾತು. ಚಾರ್ವಾಕ ಮತದವರು ಪ್ರತ್ಯಕ್ಷವೊಂದೇ ಸಾಕು ಅಂದರು. ಕೇಳಲು ಗಟ್ಟಿ ಮಾತು, ಆದರೆ ಅದನ್ನು ಕಟ್ಟಿಕೊಂಡು ಒಂದು ದಿನ ಬಾಳಲಾಗದು. ನೀನು ಹುಟ್ಟಿದ ದಿನ ನಿನಗೆ ಗೊತ್ತಿರುವುದು ನಿಮ್ಮಮ್ಮ ಹೇಳಿದ್ದರಿಂದ ತಾನೆ? ರಕ್ತದಲ್ಲಿ ಗುಂಪುಗಳಿವೆ ಎಂದು ಪುಸ್ತಕ ಹೇಳಿತು, ನಂಬಿದೆ. ನಮ್ಮ ತಿಳಿವಳಿಕೆಯ ಬಹುಪಾಲು ಇನ್ನೊಬ್ಬರ ಬಾಯಿಂದ ಬಂದದ್ದೇ. ಅದಕ್ಕೆ ನಾಚಬೇಕಿಲ್ಲ, ಯಾರ ಬಾಯಿ ಎಂದು ನೋಡಿಕೊಂಡರಾಯಿತು.

ನಂಬತಕ್ಕವನಿಗೆ ಶಾಸ್ತ್ರದಲ್ಲಿ ಆಪ್ತ ಅನ್ನುತ್ತಾರೆ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಅವನಲ್ಲಿ ಕೇಳುವುದು ಇಷ್ಟೆ: ವಿಷಯವನ್ನು ತಾನೇ ಕಂಡಿರಬೇಕು, ಕಂಡದ್ದನ್ನು ಕಂಡ ಹಾಗೆ ಹೇಳುವ ಮನಸ್ಸಿರಬೇಕು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಇದೇ ಲಕ್ಷಣ ಎಂದು ಬೇರೆ ಸೇರಿಸಿದ. ಹುಟ್ಟು ನೋಡಿ ಮಣೆ ಹಾಕುತ್ತಿದ್ದ ಕಾಲದಲ್ಲಿ ಬರೆದನಲ್ಲ, ಪುಣ್ಯಾತ್ಮ!

ಈ ಮಾತಿಗೆ ವಿಯೆನ್ನಾದ ದೊಡ್ಡಾಸ್ಪತ್ರೆಯ ಕಥೆಯೇ ಸಾಕ್ಷಿ, ಅದು ನಿಮ್ಮ ಪಾಠದಲ್ಲೂ ಬಂದಿರಬಹುದು. ಅಲ್ಲಿ ಹೆರಿಗೆಗೆ ಎರಡು ವಿಭಾಗ. ಒಂದು ವೈದ್ಯ ವಿದ್ಯಾರ್ಥಿಗಳದು, ಇನ್ನೊಂದು ಸೂಲಗಿತ್ತಿಯರದು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11 ಬಾಣಂತಿಯರು ಸತ್ತರು, ಎರಡನೆಯದರಲ್ಲಿ ನೂರಕ್ಕೆ ಮೂವರೂ ಇಲ್ಲ. ಊರ ಹೆಂಗಸರಿಗೆ ಇದು ಗೊತ್ತಿತ್ತು. ಆ ಮೊದಲನೆಯದಕ್ಕೆ ಮಾತ್ರ ಹಾಕಬೇಡಿ ಎಂದು ಮೊಣಕಾಲೂರಿ ಬೇಡುತ್ತಿದ್ದರು. ದೊಡ್ಡ ಡಾಕ್ಟರುಗಳು ಗಾಳಿ ಕೆಟ್ಟಿದೆ ಎನ್ನುತ್ತಿದ್ದರು. ಅದೇ ಗಾಳಿ ಪಕ್ಕದ ವಿಭಾಗಕ್ಕೂ ಬೀಸುತ್ತಿತ್ತಲ್ಲ, ಅದಕ್ಕೆ ಉತ್ತರವಿಲ್ಲ. ಈ ಗುಟ್ಟಿನ ಬೆನ್ನು ಬಿದ್ದವನು ಅಲ್ಲಿನ ಡಾಕ್ಟರ್ ಇಗ್ನಾಜ್ ಸೆಮ್ಮೆಲ್‌ವೈಸ್. 1847ರಲ್ಲಿ ಅವನ ಸ್ನೇಹಿತ, ಪ್ರೊಫೆಸರ್ ಕೊಲೆಚ್ಕಾ, ಹೆಣ ಕೊಯ್ಯುವಾಗ ವಿದ್ಯಾರ್ಥಿಯ ಚಾಕು ತಾಗಿ ತೀರಿಕೊಂಡ. ಅವನ ದೇಹದಲ್ಲಿ ಕಂಡದ್ದೂ ಬಾಣಂತಿಯರ ದೇಹದಲ್ಲಿ ಕಂಡದ್ದೂ ಒಂದೇ. ಸೆಮ್ಮೆಲ್‌ವೈಸನಿಗೆ ಅಲ್ಲಿ ಹೊಳೆಯಿತು: ಹೆಣ ಮುಟ್ಟಿದ ಕೈಗಳೇ ಹೆರಿಗೆ ಕೋಣೆಗೂ ಬರುತ್ತಿವೆ. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರ ಕೈ ತೊಳೆಸಿದ. 1848ರ ಹೊತ್ತಿಗೆ ಸಾವು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಕಾರಣ ಆ ಹೆಂಗಸರಿಗೆ ತಿಳಿದಿರಲಿಲ್ಲ, ನಿಜ. ಯಾವ ಬಾಗಿಲಿಂದ ಹೆಣ ಹೊರಬರುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ತಿಳಿದಿತ್ತು.

ಅದಕ್ಕೇ ಹೇಳುವುದು. ವಾರ್ಡಿನಲ್ಲಿ ಆಯಾ ಬಂದು, 'ಸಿಸ್ಟರ್, ಆಯಮ್ಮ ರಾತ್ರಿಯಿಂದ ಯಾಕೋ ಸರಿಯಿಲ್ಲ' ಅಂದರೆ ಎದ್ದು ಹೋಗಿ ನೋಡು. ರಾತ್ರಿಯಿಡೀ ಕಂಡವಳು ಅವಳು. ನೋವಿನ ವಿಷಯಕ್ಕೆ ಬಂದರಂತೂ ರೋಗಿಗಿಂತ ದೊಡ್ಡ ಆಪ್ತರಿಲ್ಲ, ಅದು ಅವರೊಬ್ಬರಿಗೇ ಪ್ರತ್ಯಕ್ಷ. ಆದರೆ ಎರಡನೆಯ ಲಕ್ಷಣ ಮರೆಯಬೇಡ, ಹೇಳುವ ಮನಸ್ಸೂ ಇರಬೇಕು. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆ 'ಏನೂ ಇಲ್ಲ, ಆರಾಮಾಗಿದ್ದೀನಿ' ಅಂತಾಳೆ. ಅತ್ತೆಯನ್ನು ಕಾಫಿಗೆ ಕಳಿಸಿ ಇನ್ನೊಂದು ಸಲ ಕೇಳು.

ಸೂಜಿಗೆ ನರ ಸಿಗುವುದು ಮಾತ್ರ ಯಾರು ಹೇಳಿಕೊಟ್ಟರೂ ಬರುವುದಿಲ್ಲ, ಬೆರಳೇ ಕಲಿಯಬೇಕು. ಅದಕ್ಕೆ ನನ್ನ ತರ್ಕದಿಂದ ಏನೂ ಉಪಯೋಗವಿಲ್ಲ.

ಇನ್ನೊಂದು. ಡಾಕ್ಟರು ಫೋನಿನಲ್ಲಿ ಔಷಧ ಹೇಳಿದರೆ ಬರೆದುಕೊಂಡು, ಬರೆದದ್ದನ್ನು ಅವರಿಗೇ ತಿರುಗಿ ಓದಿ ಹೇಳು. ಹೇಳಿದವರು ಆಪ್ತರೇ ಇರಬಹುದು, ಕೇಳಿದ ಕಿವಿ ತಪ್ಪಿರಬಹುದಲ್ಲ? ಗೊಣಗಿದರೆ ಗೊಣಗಲಿ ಬಿಡು.